ತಿರುಳ್ಗನ್ನಡದ ತಿರುಕ

ಬೇಡುವವರಲ್ಲಿ ಹಲವು ಬಗೆ. ಹೊಟ್ಟೆಯ ಪಾಡಿಗಾಗಿ ಬೇಡುವವರುಂಟು. ಮಠಮಂದಿರಗಳ ಏಳ್ಗೆಗಾಗಿ ಬೇಡುವವರುಂಟು. ವ್ರತವೆಂದು ಜೋಳಿಗೆ ಹಿಡಿಯುವವರೂ ಉಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕರ್ನಾಟಕದ ಊರುಕೇರಿಗಳಲ್ಲಿ ಒಬ್ಬ ಕ್ರೈಸ್ತ ಗುರು ಜನರ ಬಳಿ ಕೈಯೊಡ್ಡಿದ್ದು ಇವಾವುದಕ್ಕೂ ಅಲ್ಲ. ಅವರು ಬೇಡಿದ್ದು ಪದ್ಯಗಳನ್ನು. ರೈತನ ನಾಲಗೆಯ ಮೇಲಿದ್ದ ಒಂದು ತ್ರಿಪದಿ, ಮುದುಕಿಯೊಬ್ಬಳ ನೆನಪಿನಲ್ಲಿ ಉಳಿದ ಇನ್ನೊಂದು, ಮನೆಯ ಅಟ್ಟದ ಮೇಲೆ ಹೊಗೆ ಹಿಡಿದು ಕುಳಿತ ಓಲೆಗರಿಯ ಕಟ್ಟಿನಲ್ಲಿ ಅಡಗಿದ್ದ ಮತ್ತೊಂದು: ಹೀಗೆ ಕೊಟ್ಟವರಿಂದ ಕೊಟ್ಟಷ್ಟನ್ನು ಪಡೆದು ಅವರು ತಮ್ಮ ಜೋಳಿಗೆ ತುಂಬಿಕೊಂಡರು. ತಮ್ಮನ್ನು ಅವರು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳಿನ ನೆಲೆಯೆಂದು ಗುರುತಿಸಿದೆ. ಆ ನೆಲದಲ್ಲಿಯೇ ತಿರುಗಾಡಿದ ಗುರುವಿಗೆ ಈ ಹೆಸರು ಅಲಂಕಾರವಾಗಿರಲಿಲ್ಲ, ವೃತ್ತಾಂತವೇ ಆಗಿತ್ತು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಉತ್ತಂಗಿ ಎಂಬುದು ಹೂವಿನಹಡಗಲಿ ತಾಲ್ಲೂಕಿನ ಒಂದು ಗ್ರಾಮ. ಚನ್ನಪ್ಪನವರ ಪೂರ್ವಜರು ಆ ಊರಿನ ಲಿಂಗಾಯತ ಮನೆತನದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮನೆತನ ಕ್ರೈಸ್ತಮತವನ್ನು ಸ್ವೀಕರಿಸಿತು. ಚನ್ನಪ್ಪನವರು ಜನಿಸಿದ್ದು ೧೮೮೧ನೆಯ ಇಸವಿ ಅಕ್ಟೋಬರ್ ೨೮ರಂದು, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನು ಒಮ್ಮೆ ಗಮನಿಸಿ ನೋಡಬೇಕು. ಬಾಬಿಲೋನಿನ ಸಿಂಹದ ಗವಿಯಿಂದ ಪಾರಾಗಿ ಬಂದ ಪ್ರವಾದಿಯ ಹೆಸರಿಗೆ ಕನ್ನಡದ ಅಪ್ಪ ಸೇರಿ ದಾನಿಯೇಲಪ್ಪನಾಗಿದೆ. ಆತನ ಮಗನಿಗೆ ಮಾತ್ರ ಅಚ್ಚ ಶರಣರ ಮನೆಯ ಹೆಸರು. ಮತ ಬದಲಾದಾಗ ಮನೆಯ ದೇವರು ಬದಲಾಗಬಹುದು, ಮನೆಯ ಮಾತು ಬದಲಾಗಬೇಕಿಲ್ಲ ಎಂಬ ಸಂಗತಿಯನ್ನು ಆ ಮನೆಯವರು ಮಗುವಿಗೆ ಹೆಸರಿಡುವಾಗಲೇ ಹೇಳಿದಂತಿದೆ. ಪೂರ್ವಜರ ಊರಿನ ಹೆಸರನ್ನು ಚನ್ನಪ್ಪನವರು ಬದುಕಿನುದ್ದಕ್ಕೂ ತಮ್ಮ ಹೆಸರಿನೊಂದಿಗೆ ಉಳಿಸಿಕೊಂಡರು.

ಆ ಕಾಲದ ಧಾರವಾಡದಲ್ಲಿ ಕ್ರೈಸ್ತ ಸಭೆಯೆಂದರೆ ಬಾಸೆಲ್ ಮಿಶನ್. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ತಂಡ ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿಯಿತು. ಮೂರು ವರ್ಷಗಳಲ್ಲಿ ಧಾರವಾಡವನ್ನೂ, ಅನಂತರ ಹುಬ್ಬಳ್ಳಿ ಬೆಟಗೇರಿಗಳನ್ನೂ ಮುಟ್ಟಿತು. ಈ ಸಂಸ್ಥೆಯವರು ಕನ್ನಡಕ್ಕೆ ಮಾಡಿದ ಸೇವೆ ಅಪಾರವಾದುದು. ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್, ೧೮೯೪ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಇಬ್ಬರೂ ಈ ಸಂಸ್ಥೆಗೆ ಸೇರಿದವರೇ. ಹಾಗಿದ್ದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವರೆಲ್ಲ ಹೊರಗಿನಿಂದ ಬಂದು ಕನ್ನಡವನ್ನು ಕಲಿತವರು, ಕಲಿತು ಪ್ರೀತಿಸಿದವರು. ಕನ್ನಡದಲ್ಲಿಯೇ ಹುಟ್ಟಿ, ಕನ್ನಡದಲ್ಲಿಯೇ ಕ್ರಿಸ್ತನನ್ನು ಕಂಡು, ಆ ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ಬಾಳುವ ಕಷ್ಟವೂ ಸುಖವೂ ಬೇರೆ. ಅದು ಚನ್ನಪ್ಪನವರ ಪಾಲಿಗೆ ಬಂದಿತು.

ಧಾರವಾಡದ ಮಿಶನ್ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ಅವರು ಮಂಗಳೂರಿನ ದೇವಜ್ಞಾನ ಶಾಲೆಯನ್ನು ಸೇರಿದರು. ಅಲ್ಲಿ ಸತ್ಯವೇದದ ಅಧ್ಯಯನ ಕ್ರಮಬದ್ಧವಾಗಿ ನಡೆಯಿತು. ಶಿಕ್ಷಣ ಮುಗಿದ ಮೇಲೆ ಸಭಾಪಾಲಕರಾಗಿ ನೇಮಕಗೊಂಡು, ಉತ್ತರ ಕರ್ನಾಟಕದ ಸಭೆಗಳಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ಬಾಹ್ಯ ಘಟನೆಗಳ ದೃಷ್ಟಿಯಿಂದ ನೋಡಿದರೆ ಅದು ಸದ್ದುಗದ್ದಲವಿಲ್ಲದ ಜೀವನ. ಭಾನುವಾರದ ಆರಾಧನೆ, ರೋಗಿಗಳ ಭೇಟಿ, ಮದುವೆ, ಮರಣ, ಮಕ್ಕಳ ಪಾಠ, ಊರಿಂದೂರಿಗೆ ವರ್ಗ. ಚರಿತ್ರಕಾರನಿಗೆ ಇದರಲ್ಲಿ ಬರೆಯುವಂಥದು ಬಹಳವಿಲ್ಲ. ಆದರೆ ಆ ದಿನಚರಿಯ ಒಳಗೇ ಒಂದು ಪ್ರಶ್ನೆ ಹುದುಗಿತ್ತು, ಮತ್ತು ಆ ಪ್ರಶ್ನೆಯೇ ಅವರನ್ನು ಸರ್ವಜ್ಞನ ಬಳಿಗೂ ಶರಣರ ಬಳಿಗೂ ಕೊಂಡೊಯ್ದಿತು.

ಸಭಾಪಾಲಕನ ಮುಖ್ಯ ಕೆಲಸಗಳಲ್ಲೊಂದು ಸುವಾರ್ತೆಯ ಒಂದು ಭಾಗವನ್ನು ಓದಿ, ಕೇಳುವವರ ಬದುಕಿಗೆ ಅದನ್ನು ಅನ್ವಯಿಸಿ ಹೇಳುವುದು. ಓದುವುದು ಸುಲಭ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಭಾಷಾಂತರಕಾರ್ಯದಿಂದಾಗಿ ಸತ್ಯವೇದ ಕನ್ನಡದಲ್ಲಿ ಆಗಲೇ ದೊರೆಯುತ್ತಿತ್ತು. ಅನ್ವಯಿಸುವುದು ಮಾತ್ರ ಕಠಿಣ. ಗಲಿಲಾಯದ ಮೀನುಗಾರರಿಗೆ, ಯೂದಾಯದ ಕುರುಬರಿಗೆ ಹೇಳಿದ ಮಾತು ಧಾರವಾಡದ ಎರೆಭೂಮಿಯ ಒಕ್ಕಲಿಗನಿಗೆ, ಬೆಟಗೇರಿಯ ನೇಕಾರನಿಗೆ ಹೇಗೆ ತನ್ನದಾಗಬೇಕು? ಬಿತ್ತುವವನ ಕಥೆಯನ್ನು ಕೂರಿಗೆ ಹಿಡಿದವನಿಗೆ ವಿವರಿಸಬೇಕಾಗಿಲ್ಲ. ದಾರಿಯ ಮಗ್ಗುಲಲ್ಲಿ ಬಿದ್ದ ಕಾಳು ಏನಾಗುತ್ತದೆಂಬುದನ್ನು ಅವನೇ ಗುರುವಿಗೆ ಹೇಳಿಕೊಡಬಲ್ಲ. ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸು ಯಾವ ಓಣಿಯಲ್ಲಾದರೂ ಇರುವವಳೇ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧೆಯೋ, ವೈರಿಯನ್ನೂ ಪ್ರೀತಿಸಬೇಕೆಂಬ ಬೋಧೆಯೋ ಬಂದಾಗ ಕೇಳುವವನು ತಲೆದೂಗಿ ಮನೆಗೆ ಹೋಗುತ್ತಾನೆ. ಭಾನುವಾರದ ಪಾಠ ಸೋಮವಾರದ ಸಂತೆಗೆ ಬರುವುದಿಲ್ಲ. ತಕ್ಕಡಿ ಹಿಡಿದ ಕೈಗೂ, ಸಾಲದ ಪತ್ರ ಬರೆಯುವ ಕೈಗೂ, ಪ್ರಾರ್ಥನೆಗೆ ಜೋಡಿಸಿದ ಕೈಗೂ ಪರಿಚಯವೇ ಇಲ್ಲದಂತಾಗುತ್ತದೆ. ಎಲ್ಲ ಮತಗಳ ಗುರುಗಳಿಗೂ ಈ ತೊಡಕು ಗೊತ್ತಿರುವಂಥದೇ. ಕ್ರೈಸ್ತ ಗುರುವಿಗೆ ಇನ್ನೊಂದು ಅಡಚಣೆ ಹೆಚ್ಚಾಗಿತ್ತು: ಬೋಧೆಯ ಭಾಷೆಯೇ ಜನರಿಗೆ ಎರವಲಿನದೆಂದು ತೋರುತ್ತಿತ್ತು. ಕನ್ನಡದ ಶಬ್ದಗಳಿದ್ದರೂ ಕನ್ನಡದ ಉಸಿರು ಅದರಲ್ಲಿರಲಿಲ್ಲ.

ಆ ಉಸಿರು ಸರ್ವಜ್ಞನಲ್ಲಿತ್ತು. ಅಬಲೂರು ಮಾಸೂರುಗಳ ಸೀಮೆಯವನೆಂದು ಪ್ರತೀತಿಯುಳ್ಳ ಆ ಅಲೆಮಾರಿ ಕವಿಯ ಮೂರು ಸಾಲಿನ ಪದ್ಯಗಳು ಓದುಬರಹ ಅರಿಯದವರ ಬಾಯಲ್ಲಿಯೂ ಓಡಾಡುತ್ತಿದ್ದವು. ಅವು ಸ್ವರ್ಗದ ಮಾತಿಗಿಂತ ಸಂತೆಯ ಮಾತನ್ನೇ ಹೆಚ್ಚಾಗಿ ಆಡಿದವು. ಸಾಲಗಾರನ ಅವಸ್ಥೆ, ಕೊಡುಗೈಯ ಹಿರಿಮೆ, ಬೂಟಾಟಿಕೆಯ ಭಕ್ತಿ, ಜಾತಿಯ ಸೊಕ್ಕು, ಅನ್ನದ ಬೆಲೆ, ಒಳ್ಳೆಯ ಹೆಂಡತಿ, ಕೆಟ್ಟ ನೆರೆ, ಮಳೆ, ಬೆಳೆ, ಮದ್ದು, ಊಟ: ದಿನನಿತ್ಯದ ಬಾಳಿನ ಯಾವ ಮೂಲೆಯೂ ಅವನ ಕಣ್ಣಿಗೆ ಬೀಳದೆ ಹೋಗಿಲ್ಲ. ದೇವರ ಹೆಸರು ಹೇಳುತ್ತ ನೆರೆಯವನನ್ನು ಸುಲಿಯುವವನನ್ನು ಯೇಸುಸ್ವಾಮಿ ಖಂಡಿಸಿದ ರೀತಿಗೂ ಸರ್ವಜ್ಞ ಚುಚ್ಚಿದ ರೀತಿಗೂ ಬಹಳ ದೂರವಿಲ್ಲ. ಸಭೆಯ ಜನಕ್ಕೆ ಸುವಾರ್ತೆ ಹೇಳಬೇಕಾದ ಗುರುವಿನ ಕಿವಿ ಈ ಸಾಮ್ಯಕ್ಕೆ ತೆರೆದುಕೊಂಡದ್ದು ಸಹಜವೇ ಆಗಿದೆ.

ಸರ್ವಜ್ಞನ ವಚನಗಳ ಸಂಗ್ರಹಕಾರ್ಯದ ಕಷ್ಟವನ್ನು ಇಂದಿನ ವಿದ್ಯಾರ್ಥಿ ಊಹಿಸುವುದು ಸುಲಭವಲ್ಲ. ಆ ವಚನಗಳ ಸಮಗ್ರ ಸಂಕಲನವೆಂಬುದು ಆಗ ಇರಲಿಲ್ಲ. ಒಂದೇ ಪದ್ಯ ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿ ಕೇಳಿಬರುತ್ತಿತ್ತು. ಕೊನೆಗೆ ಸರ್ವಜ್ಞನ ಹೆಸರನ್ನು ಅಂಟಿಸಿದ ಮಾತ್ರಕ್ಕೆ ಪದ್ಯ ಅವನದಾಗುವುದೂ ಇಲ್ಲ. ಜಾಣನಾದ ಯಾವ ಹಳ್ಳಿಗನೂ ತನ್ನ ಸಿಟ್ಟನ್ನೋ ಹಾಸ್ಯವನ್ನೋ ತ್ರಿಪದಿಗೆ ಕಟ್ಟಿ ಆ ಅಂಕಿತವನ್ನು ಹಾಕಿಬಿಡಬಹುದಾಗಿತ್ತು. ಹೀಗಾಗಿ ಬೇಡಿ ತಂದುದನ್ನು ಕೇರಬೇಕಾಗಿತ್ತು, ಆರಿಸಬೇಕಾಗಿತ್ತು. ಓಲೆಗರಿಯ ಪಾಠವನ್ನು ಬಾಯಿಪಾಠದೊಡನೆ ಹೋಲಿಸಿ ನೋಡಬೇಕಾಗಿತ್ತು. ಬಿಡಿಬಿಡಿಯಾಗಿ ದೊರೆತವನ್ನು ವಿಷಯಾನುಸಾರ ವಿಂಗಡಿಸಬೇಕಾಗಿತ್ತು. ಕವಿಯ ಕಾಲದೇಶಗಳ ವಿಚಾರವಾಗಿ ಹಬ್ಬಿದ್ದ ಕಥೆಗಳಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂಬುದನ್ನೂ ಪರಿಶೀಲಿಸಬೇಕಾಗಿತ್ತು. ವಿಶ್ವವಿದ್ಯಾಲಯದ ನೆರವಾಗಲಿ, ಸಹಾಯಕರ ದಂಡಾಗಲಿ ಇಲ್ಲದೆ, ಸಭೆಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಚನ್ನಪ್ಪನವರು ಇದೆಲ್ಲವನ್ನೂ ಮಾಡಿದರು. ಸುಮಾರು ೨೦೦೦ ವಚನಗಳ ಆ ಸಂಗ್ರಹ ೧೯೨೪ರಲ್ಲಿ ಪ್ರಕಟವಾಯಿತು. ಅಂದಿನಿಂದ ಸರ್ವಜ್ಞನ ವಿಚಾರವಾಗಿ ಬರೆಯುವವರು ಯಾರೇ ಆಗಲಿ, ಆ ಗ್ರಂಥದ ಹೊಸ್ತಿಲನ್ನು ದಾಟಿಯೇ ಮುಂದೆ ಹೋಗಬೇಕಾಗಿದೆ. ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ತ್ರಿಪದಿಗಳು ಯಾರ ಜೋಳಿಗೆಯಿಂದ ಬಂದವೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳುವುದಿಲ್ಲ.

ಚನ್ನಪ್ಪನವರು ಹುಟ್ಟುವ ಒಂದು ವರ್ಷ ಮೊದಲು, ೧೮೮೦ರಲ್ಲಿ, ಅದೇ ಧಾರವಾಡದಲ್ಲಿ ಇನ್ನೊಬ್ಬರು ಜನಿಸಿದ್ದರು. ಅವರು ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲರಾಗಿ ನೆಲಸಿ, ಮನೆಮಠವನ್ನು ಲೆಕ್ಕಿಸದೆ ಶರಣರ ವಚನಗಳನ್ನು ಶೋಧಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದವರು. ಒಂದೇ ಊರಿನ ಇಬ್ಬರು, ಒಬ್ಬ ವಕೀಲ, ಒಬ್ಬ ಪಾದ್ರಿ, ಒಂದು ವರ್ಷದ ಅಂತರದಲ್ಲಿ ಕನ್ನಡದ ಎರಡು ಹೂತ ಕೊಪ್ಪರಿಗೆಗಳನ್ನು ಅಗೆದು ತೆಗೆದರೆಂಬುದು ನಮ್ಮ ಸಾಹಿತ್ಯಚರಿತ್ರೆಯ ಸೋಜಿಗಗಳಲ್ಲಿ ಒಂದು. ಸರ್ವಜ್ಞನನ್ನು ಮುಗಿಸಿದ ಚನ್ನಪ್ಪನವರು ಮುಂದೆ ಶರಣರ ಕಡೆಗೇ ತಿರುಗಿದರು.

ಇಲ್ಲಿ ಒಂದು ಸಂದೇಹ ಏಳುವುದು ಸ್ವಾಭಾವಿಕ. ಸುವಾರ್ತೆಯನ್ನು ಸಾರುವುದಕ್ಕೆ ನಿಯುಕ್ತನಾದವನು ಶಿವಶರಣರ ವಚನಗಳನ್ನು ಎದೆಗೊತ್ತಿಕೊಳ್ಳಬಹುದೆ? ಆ ದಿನಗಳಲ್ಲಿ ಈ ಪ್ರಶ್ನೆ ಬರಿಯ ತರ್ಕದ ವಿಷಯವಾಗಿರಲಿಲ್ಲ. ಮತಾಂತರಗೊಂಡ ಕುಟುಂಬಗಳು ಬಂಧುಬಳಗವನ್ನು, ಕೆಲವೆಡೆ ಊರ ಬಾವಿಯ ನೀರನ್ನು ಕೂಡ ಕಳೆದುಕೊಂಡು ಸಭೆಯ ಆಶ್ರಯಕ್ಕೆ ಬಂದಿದ್ದವು. ಹಾಗೆ ಬಂದವರಿಗೆ ಬಿಟ್ಟುಬಂದ ಮನೆಯ ಮಾತನ್ನು ಮೆಚ್ಚಿ ಹೇಳುವ ಗುರು ಒಗಟಾಗಿ ಕಾಣದಿರುವುದಿಲ್ಲ. ಅತ್ತ ವೀರಶೈವ ಸಮಾಜಕ್ಕೂ, ತಮ್ಮ ಮನೆತನದಿಂದ ಹೊರಹೋದವನ ಮೊಮ್ಮಗ ತಮ್ಮ ಶಾಸ್ತ್ರವನ್ನು ಓದುವುದರ ಹಿಂದೆ ಏನಿದೆಯೋ ಎಂಬ ಅಳುಕು ಇರುವುದು ಸಹಜ. ಎರಡು ದಡಗಳ ನಡುವೆ ನಿಂತವನನ್ನು ಎರಡು ದಡದವರೂ ನಂಬುವುದು ತಡ. ಚನ್ನಪ್ಪನವರು ದಡವನ್ನು ಆರಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕ್ರಿಸ್ತನ ಭಕ್ತರಾಗಿಯೇ ಉಳಿದು ಬಸವಣ್ಣನ ಆರಾಧಕರಾದರು.

ಅವರ ನಿಲುವಿನ ಬೇರು ಸುವಾರ್ತೆಯಲ್ಲಿಯೇ ಇತ್ತೆಂಬುದನ್ನು ಮರೆಯಬಾರದು. ಮತ್ತಾಯನ ಸುವಾರ್ತೆಯ ಪರ್ವತಪ್ರಸಂಗದಲ್ಲಿ ಯೇಸು ತನ್ನ ಜನರ ಹಳೆಯ ಧರ್ಮವನ್ನು ಕೆಡವುವವನಂತೆ ಮಾತನಾಡುವುದಿಲ್ಲ, ಅದನ್ನು ತುಂಬಿಕೊಡುವವನಂತೆ ಮಾತನಾಡುತ್ತಾನೆ. ಈ ಭಾವವನ್ನು ಭಾರತಕ್ಕೆ ಅನ್ವಯಿಸಿದರೆ ಏನಾಗುತ್ತದೆಂಬ ವಿಚಾರ ಆ ಕಾಲದ ಹಲವರನ್ನು ಕಾಡಿತ್ತು. ಜೆ. ಎನ್. ಫರ್ಕ್ವಾರ್ ಎಂಬ ಪಂಡಿತ ೧೯೧೩ರಲ್ಲಿ ಇದೇ ವಿಷಯವಾಗಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದನು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ೧೮೯೫ರಲ್ಲಿ ಕ್ರೈಸ್ತರಾದ ಮೇಲೆ ಸಂತ ತುಕಾರಾಮನ ಅಭಂಗದ ಧಾಟಿಯಲ್ಲಿಯೇ ಕ್ರಿಸ್ತನನ್ನು ಹಾಡಿದರು. ಕನ್ನಡದಲ್ಲಿ ಆ ಹೊಣೆಯನ್ನು ಹೊತ್ತವರು ಉತ್ತಂಗಿಯವರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಪುಸ್ತಕದ ಹೆಸರೇ ಅವರ ಮನೋಧರ್ಮವನ್ನು ತಿಳಿಸುತ್ತದೆ. ಬೆತ್ಲೆಹೇಮು ಕಾಶಿಗೆ ಅಪ್ಪಣೆ ಕೊಡುವುದಿಲ್ಲ, ಸವಾಲು ಹಾಕುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಖಂಡನೆಯ ಕರಪತ್ರಗಳು ಎರಡು ಕಡೆಯಿಂದಲೂ ಹಾರಾಡುತ್ತಿದ್ದ ಕಾಲದಲ್ಲಿ ಈ ಶಬ್ದವನ್ನು ಆರಿಸಿಕೊಳ್ಳುವುದಕ್ಕೆ ಧೈರ್ಯವೇ ಬೇಕಾಗಿತ್ತು.

ಶರಣಸಾಹಿತ್ಯದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಮೋಳಿಗೆಯ ಮಾರಯ್ಯ ಹಾಗೂ ಮಹಾದೇವಿಯಮ್ಮನವರ ವಚನಗಳ ಸಂಪಾದನೆ ಮುಖ್ಯವಾದುದು. ಮಾರಯ್ಯನ ಕಥೆ ಬೀದರ ಸೀಮೆಯವರಿಗೆ ಮನೆಯ ಕಥೆಯಿದ್ದಂತೆ. ಕಾಶ್ಮೀರದ ಅರಸನಾಗಿದ್ದವನು ಬಸವಣ್ಣನ ಕೀರ್ತಿಯನ್ನು ಕೇಳಿ ರಾಜ್ಯವನ್ನು ತೊರೆದು, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಲ್ಲಿ ಸೌದೆ ಕಡಿದು ಮಾರಿ, ಆ ಹಣದಿಂದ ದಾಸೋಹ ನಡೆಸಿದನೆಂದು ಪರಂಪರೆ ಹೇಳುತ್ತದೆ. ಅವನ ಹೆಸರನ್ನು ಹೊತ್ತ ಮೋಳಕೇರಿ ಇಂದಿಗೂ ಬೀದರ ಜಿಲ್ಲೆಯಲ್ಲಿದೆ. ಬಸವಣ್ಣ ಅವನ ಬಡತನವನ್ನು ಕಂಡು ಗುಡಿಸಿಲಿನಲ್ಲಿ ಗುಟ್ಟಾಗಿ ಹೊನ್ನನ್ನಿಟ್ಟು ಬಂದನಂತೆ. ಮಾರಯ್ಯನಿಗೆ ಅದು ಉಪಕಾರವಾಗಿ ಕಾಣದೆ ತನ್ನ ಕಾಯಕಕ್ಕೆ ಬಂದ ಕುಂದಾಗಿ ಕಂಡಿತಂತೆ. ಸುವಾರ್ತೆಯನ್ನು ಬಲ್ಲವರಿಗೆ ಇಲ್ಲಿ ಇನ್ನೊಬ್ಬನ ನೆನಪಾಗದೆ ಇರದು. ನಿತ್ಯಜೀವದ ದಾರಿಯನ್ನು ಕೇಳಲು ಯೇಸುವಿನ ಬಳಿಗೆ ಬಂದ ಆ ಐಶ್ವರ್ಯವಂತ ಯುವಕ, ಇದ್ದುದನ್ನು ಬಡವರಿಗೆ ಹಂಚಿ ಬರುವಂತೆ ಹೇಳಿದಾಗ ಮುಖ ಬಾಡಿಸಿಕೊಂಡು ಹೊರಟುಹೋದನು. ಅವನು ಹೋಗಲಾರದೆ ಹಿಂತಿರುಗಿದ ದಾರಿಯಲ್ಲಿ ಕಾಶ್ಮೀರದ ಅರಸ ತಲೆಯ ಮೇಲೆ ಸೌದೆಯ ಹೊರೆ ಹೊತ್ತು ನಡೆದುಬಂದಂತಿದೆ. ಇಂಥ ನಿದರ್ಶನ ಸ್ವಂತ ನಾಡಿನಲ್ಲಿ, ಸ್ವಂತ ನುಡಿಯಲ್ಲಿ ದೊರೆಯುತ್ತಿರುವಾಗ ಅದನ್ನು ಬಿಟ್ಟು ದೂರದೇಶದ ದೃಷ್ಟಾಂತವನ್ನು ಹುಡುಕುವ ಅಗತ್ಯವೆಲ್ಲಿದೆ?

ಕಲ್ಯಾಣದ ಅನುಭವ ಮಂಟಪ ನಿಜವಾಗಿಯೂ ಇದ್ದಿತೇ, ಅಥವಾ ಅದು ಮುಂದಿನವರ ಕಲ್ಪನೆಯೇ ಎಂಬ ವಾದ ಎದ್ದಾಗ, ಅದರ ಐತಿಹಾಸಿಕತೆಯ ಪರವಾಗಿ ನಿಂತು ಗ್ರಂಥ ಬರೆದವರು ಈ ಕ್ರೈಸ್ತ ಗುರು. ಹೊಲೆಯ, ಮಾದಿಗ, ಅಂಬಿಗ, ಅಗಸ, ಬ್ರಾಹ್ಮಣ, ಅರಸ, ಗಂಡಸು, ಹೆಂಗಸು ಒಂದೆಡೆ ಕುಳಿತು ತಂತಮ್ಮ ಅನುಭವವನ್ನು ಹೇಳಿದರೆಂಬ ಸಂಗತಿ ಅವರಿಗೆ ಕೇವಲ ಇತಿಹಾಸದ ತುಣುಕಾಗಿರಲಿಲ್ಲ. ಅದು ನಡೆದಿದ್ದರೆ ಮತ್ತೊಮ್ಮೆ ನಡೆಯಬಹುದು. ಸೊಲ್ಲಾಪುರದ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿ ೧೯೫೫ರಲ್ಲಿ ಪ್ರಕಟಿಸಿದುದೂ ಇದೇ ಸಾಲಿಗೆ ಸೇರಿದ ಕೆಲಸ. ಕೆರೆ ಕಟ್ಟಿಸಿದ ಯೋಗಿ ಸಿದ್ಧರಾಮ. ಭಕ್ತಿ ಅವನಲ್ಲಿ ಮಣ್ಣು ಹೊತ್ತಿತು, ಕಲ್ಲು ಹೊತ್ತಿತು.

ಇಷ್ಟೆಲ್ಲ ಮಾಡಿದ ಹಿರಿಯರಿಗೆ ಕನ್ನಡ ನಾಡು ತನ್ನ ಗೌರವವನ್ನು ಸಲ್ಲಿಸಿದ್ದು ೧೯೪೯ರಲ್ಲಿ. ಕಲಬುರ್ಗಿಯಲ್ಲಿ ನಡೆದ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಆಗ ಅವರಿಗೆ ೬೭ ವರ್ಷ. ಹಿಂದಿನ ವರ್ಷದ ಸಮ್ಮೇಳನ ಕಾಸರಗೋಡಿನಲ್ಲಿ, ಮುಂದಿನ ವರ್ಷದ್ದು ಸೊಲ್ಲಾಪುರದಲ್ಲಿ: ಹರಿದು ಹಂಚಿಹೋಗಿದ್ದ ನಾಡು ತನ್ನ ಅಂಚುಗಳನ್ನೇ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲವದು.

ಕಲಬುರ್ಗಿಯ ಆ ಸಮ್ಮೇಳನದ ಅರ್ಥ ತಿಳಿಯಬೇಕಾದರೆ ಅದರ ಹಿಂದಿನ ದಿನಗಳನ್ನು ನೆನೆಯಬೇಕು. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು. ಶಿಕ್ಷಣದ ಭಾಷೆಯೂ ಬಹುಮಟ್ಟಿಗೆ ಅದೇ. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿಯೇ ಉನ್ನತ ಶಿಕ್ಷಣ ಕೊಡುತ್ತಿತ್ತು. ಬೀದರದ ಒಕ್ಕಲಿಗ ಮನೆಯಲ್ಲಿ ಕನ್ನಡ ಆಡಿದರೆ, ಭಾಲ್ಕಿ ಔರಾದಗಳ ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಔರಾದ ಸೀಮೆಯ ಕಮಲನಗರದಲ್ಲಿ ೧೮೯೦ರಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಆ ಭಾಗದಲ್ಲಿ ಮನೆಮಾತಾಗಿದೆ. ಬೀದರದಲ್ಲಿ ನೆಲೆಯೂರಿದ ಮೆಥೊಡಿಸ್ಟ್ ಸಭೆಯ ಬೋಧಕರೂ ಈ ಭಾಷೆಗಳ ಸಂದಣಿಯಲ್ಲಿಯೇ ಹಳ್ಳಿಯ ದಲಿತ ಕೇರಿಗಳಿಗೆ ಸುವಾರ್ತೆಯನ್ನು ಒಯ್ದಿದ್ದರು. ಅಕ್ಷರದ ಮುಖವನ್ನು ಮೊದಲು ಕಂಡದ್ದು ಸತ್ಯವೇದದ ಪುಟದಲ್ಲಿ ಎನ್ನುವ ಮನೆಗಳು ಅಲ್ಲಿ ಉಂಟು.

೧೯೪೮ನೆಯ ಇಸವಿ ಆ ಜಿಲ್ಲೆಗಳಿಗೆ ರಕ್ತದ ವರ್ಷವಾಯಿತು. ರಜಾಕಾರರ ಹಾವಳಿ ಮೇರೆ ಮೀರಿತು. ಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ಜನ ಇನ್ನೂ ಮರೆತಿಲ್ಲ. ಸೆಪ್ಟೆಂಬರ್ ೧೭ರಂದು ಸಂಸ್ಥಾನ ಭಾರತಕ್ಕೆ ಶರಣಾಯಿತು. ವಿಮೋಚನೆಯ ಹರ್ಷದೊಡನೆ ಸೇಡಿನ ಉರಿಯೂ ಎದ್ದಿತು. ಹಾವಳಿಯಲ್ಲಿ ಪಾಲಿಲ್ಲದ ಸಹಸ್ರಾರು ಮುಸ್ಲಿಮರು ಅದರಲ್ಲಿ ಪ್ರಾಣ ಕಳೆದುಕೊಂಡರು. ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳುಹಿಸಿ ವಿಚಾರಿಸಿದಾಗ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳ ಪಟ್ಟಿಯಲ್ಲಿ ಉಸ್ಮಾನಾಬಾದ್, ನಾಂದೇಡಗಳೊಡನೆ ಕಲಬುರ್ಗಿ ಮತ್ತು ಬೀದರಗಳೂ ಇದ್ದವು. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಒಂದು ಕಥೆಯನ್ನು ಉತ್ತರವಾಗಿ ಕೊಟ್ಟನೆಂದು ಲೂಕನ ಸುವಾರ್ತೆ ಹೇಳುತ್ತದೆ. ದಾರಿಯಲ್ಲಿ ಹೊಡೆತ ತಿಂದು ಬಿದ್ದವನನ್ನು ಸ್ವಜಾತಿಯ ಯಾಜಕ ಕಂಡೂ ಕಾಣದಂತೆ ದಾಟಿಹೋದನು, ಲೇವಿಯನೂ ದಾಟಿಹೋದನು, ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ ಹೊತ್ತೊಯ್ದವನು ಪರಮತದವನೆಂದು ಹೇಸಲ್ಪಟ್ಟ ಸಮಾರ್ಯದವನು. ಆ ಕಥೆಯನ್ನು ಬದುಕಿನುದ್ದಕ್ಕೂ ಸಭೆಗೆ ಓದಿ ಹೇಳುವ ಕಾಯಕದವರು, ಬಸವಣ್ಣನನ್ನು ಎದೆಯಲ್ಲಿಟ್ಟುಕೊಂಡವರು, ಹಿಂದುವೂ ಅಲ್ಲದ ಮುಸ್ಲಿಮರೂ ಅಲ್ಲದ ಒಬ್ಬ ಕನ್ನಡಿಗರು, ಗಾಯ ಇನ್ನೂ ಮಾಯದಿದ್ದ ಆ ನೆಲದಲ್ಲಿ ಕನ್ನಡದ ಅಧ್ಯಕ್ಷಪೀಠದ ಮೇಲೆ ಕುಳಿತರು. ಆರಿಸಿದವರ ಮನಸ್ಸಿನಲ್ಲಿ ಇದೆಲ್ಲ ಇದ್ದಿರಬೇಕೆಂದೇನೂ ಇಲ್ಲ. ವಿದ್ವತ್ತಿಗೆ ಮನ್ನಣೆ ಕೊಡುವುದಷ್ಟೇ ಅವರ ಉದ್ದೇಶವಾಗಿದ್ದಿರಬಹುದು. ಆದರೂ ಕಾಲ ಆರಿಸಿದ ವ್ಯಕ್ತಿ ಯೋಗ್ಯನಾಗಿದ್ದನು.

ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರ್ಗಿಗೆ ಬಂದುದು ಅದು ಎರಡನೆಯ ಸಲ. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದಾಗ ಅಲ್ಲಿ ನಿಜಾಮನ ಆಳ್ವಿಕೆಯಿತ್ತು. ಈ ಸಲ ಭಾಲ್ಕಿ, ಔರಾದದ ಕನ್ನಡಿಗನು ಅಂಜಿಕೆಯಿಲ್ಲದೆ ತನ್ನ ನುಡಿಯನ್ನು ಬಹಿರಂಗವಾಗಿ ಕೇಳಬಹುದಾಗಿತ್ತು. ಏಳು ವರ್ಷಗಳ ಅನಂತರ, ೧೯೫೬ರ ನವೆಂಬರ್ ಒಂದರಂದು ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ತಾಲ್ಲೂಕುಗಳು ವಿಶಾಲ ಮೈಸೂರಿಗೆ ಬಂದವು. ಮಾರಯ್ಯನ ಮೋಳಕೇರಿಯೂ ಶರಣರ ಕಲ್ಯಾಣವೂ ಹೀಗೆ ಕನ್ನಡ ರಾಜ್ಯದೊಳಗೆ ಸೇರಿದ್ದನ್ನು ನೋಡುವ ಭಾಗ್ಯ ಚನ್ನಪ್ಪನವರಿಗೆ ದೊರೆಯಿತು.

ಮುಪ್ಪಿನಲ್ಲಿಯೂ ಅವರ ಲೇಖನಿ ವಿರಮಿಸಲಿಲ್ಲ. ಎಪ್ಪತ್ತು ದಾಟಿದ ಮೇಲೆಯೇ ಸಿದ್ಧರಾಮನ ಸಾಹಿತ್ಯದಂಥ ದೊಡ್ಡ ಕೆಲಸ ಹೊರಬಂದಿತು. ಬೀದರದಲ್ಲಿ ಮೊದಲ ಬಾರಿಗೆ ಸಾಹಿತ್ಯ ಸಮ್ಮೇಳನ ೧೯೬೦ರಲ್ಲಿ ನಡೆದಾಗ ಅವರು ೭೯ನೆಯ ವಯಸ್ಸಿನಲ್ಲಿದ್ದರು. ೧೯೬೨ನೆಯ ಇಸವಿ ಆಗಸ್ಟ್ ೨೮ರಂದು ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕಾಲವಶರಾದರು. ಅಷ್ಟು ಹೊತ್ತಿಗೆ ಕಲ್ಯಾಣದಲ್ಲಿ ಅನುಭವ ಮಂಟಪವನ್ನು ಹೊಸದಾಗಿ ಕಟ್ಟುವ ಕಾರ್ಯಕ್ಕೆ ಭಾಲ್ಕಿಯ ಪಟ್ಟದ್ದೇವರು ಕೈಹಾಕಿದ್ದರು. ಹಳ್ಳಿಯಿಂದ ಹಳ್ಳಿಗೆ ತಿರುಗಿ, ಕೊಟ್ಟವರಿಂದ ಕೊಟ್ಟಷ್ಟನ್ನು ಪಡೆದು, ಅವರೂ ಅದಕ್ಕಾಗಿ ಜೋಳಿಗೆ ಹಿಡಿದಿದ್ದರು.